ಮೆಟ್ಟಿಲು ಇಳಿಯಲೂ ಮೆನು ತೆರೆಯಬೇಕೆ?

ನಿಂಟೆಂಡೊ 64 ಯಂತ್ರಕ್ಕಾಗಿ 1998ರಲ್ಲಿ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’ ಆಟವನ್ನು ಮೆಚ್ಚದ ಗೇಮರ್‌ಗಳು ಕಡಿಮೆ. ಆದರೆ ಅದರ ‘ವಾಟರ್ ಟೆಂಪಲ್’ ಹೆಸರೆತ್ತಿದರೆ ಅವರಲ್ಲೂ ಬಹಳ ಮಂದಿ ಮುಖ ಸಿಂಡರಿಸುತ್ತಾರೆ. ಕಾರಣ ಅಲ್ಲಿನ ರಾಕ್ಷಸರೂ ಅಲ್ಲ, ಒಗಟುಗಳೂ ಅಲ್ಲ. ಒಂದು ಜೊತೆ ಬೂಟು.

ನೀರು ತುಂಬಿದ ಆ ದೇಗುಲದಲ್ಲಿ ನಾಯಕ ಲಿಂಕ್ ತಳಕ್ಕೆ ಇಳಿಯಬೇಕಾದರೆ ಕಬ್ಬಿಣದ ಬೂಟು ತೊಡಬೇಕು, ಮೇಲೆ ತೇಲಬೇಕಾದರೆ ಕಳಚಬೇಕು. ತೊಡುವ ಬಗೆ ಹೀಗೆ: ಮೊದಲು ಸ್ಟಾರ್ಟ್ ಒತ್ತಿ ಆಟ ನಿಲ್ಲಿಸಬೇಕು. ನಾಲ್ಕು ಪುಟಗಳ ಮೆನು ಮೂಡುತ್ತದೆ. ಉಡುಗೆ-ಆಯುಧಗಳ ಪುಟ ಎದುರಿಗೆ ಬರುವ ತನಕ ಅದನ್ನು ತಿರುಗಿಸಬೇಕು. ಕರ್ಸರನ್ನು ಬೂಟಿನ ಚಿತ್ರದವರೆಗೆ ಒಯ್ದು ಎ ಬಟನ್ ಒತ್ತಬೇಕು. ಮತ್ತೆ ಸ್ಟಾರ್ಟ್. ಲಿಂಕ್ ಮುಳುಗುತ್ತಾನೆ, ನಾಲ್ಕು ಹೆಜ್ಜೆ ನಡೆಯುತ್ತಾನೆ, ಎದುರಿನ ಬಾಗಿಲು ಮೇಲಿನ ಅಂತಸ್ತಿನಲ್ಲಿದೆ. ಬೂಟು ಕಳಚಲು ಮತ್ತೆ ಸ್ಟಾರ್ಟ್, ಕರ್ಸರ್, ಎ, ಸ್ಟಾರ್ಟ್. ದೇಗುಲ ದಾಟುವ ತನಕ ಇದೇ ಪಾಡು.

ಆ ದೇಗುಲವನ್ನು ರೂಪಿಸಿದ ಎಯಿಜಿ ಅವೊನುಮಾ ಮುಂದೆ ಇದಕ್ಕಾಗಿ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದರು. 2011ರಲ್ಲಿ ಇದೇ ಆಟ ನಿಂಟೆಂಡೊ 3ಡಿಎಸ್‌ಗೆ ಹೊಸ ರೂಪದಲ್ಲಿ ಬಂದಾಗ, ಉಳಿದ ಸಾಮಗ್ರಿಗಳ ಹಾಗೆ ಬೂಟನ್ನೂ ನೇರವಾಗಿ ಒಂದು ಬಟನ್‌ಗೆ ಕೊಟ್ಟಿಡುವ ಸೌಲಭ್ಯ ಸಿಕ್ಕಿತು. ಒಮ್ಮೆ ಒತ್ತಿದರೆ ಬೂಟು ಕಾಲಿಗೆ, ಮತ್ತೊಮ್ಮೆ ಒತ್ತಿದರೆ ಚೀಲಕ್ಕೆ. ಈ ಒಂದು ಬದಲಾವಣೆಯಿಂದ ಹದಿಮೂರು ವರ್ಷಗಳ ಗೊಣಗಾಟ ಬಹುಮಟ್ಟಿಗೆ ತಣ್ಣಗಾಯಿತು. ಜನರಿಗೆ ಬೇಸರ ತರಿಸಿದ್ದು ನೀರಿನ ಮಟ್ಟ ಏರಿಸಿ ಇಳಿಸುವ ಜಾಣ ಒಗಟಲ್ಲ, ಏನನ್ನೂ ತೀರ್ಮಾನಿಸದೆ ಸುಮ್ಮನೆ ಒತ್ತಬೇಕಾಗಿದ್ದ ಆ ಬಟನ್‌ಗಳು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಇಡೀ ಜಗಳ ಇರುವುದು ಇಲ್ಲೇ. ವಿಡಿಯೊ ಗೇಮ್ ಎಂದರೆ ಬಟನ್ ಒತ್ತುವುದೇ; ಅದನ್ನು ಯಾರೂ ದೂರುವುದಿಲ್ಲ. ಒತ್ತುವ ಮುನ್ನ ಆಟಗಾರರ ಮುಂದೆ ಒಂದು ಆಯ್ಕೆ ಇದೆಯೇ, ಒತ್ತಿದ ಮೇಲೆ ಏನಾದರೂ ಬದಲಾಗುತ್ತದೆಯೇ ಎಂಬುದೇ ಪ್ರಶ್ನೆ. ಎರಡೂ ಇಲ್ಲದ ಕಡೆ ಆಟಗಾರರು ಆಡುತ್ತಿಲ್ಲ, ಯಂತ್ರದ ಊಳಿಗ ಮಾಡುತ್ತಿದ್ದಾರೆ.

ಹಾಗೆ ನೋಡಿದರೆ, ಮೆನು ಹುಟ್ಟಿದ್ದೇ ಆಟಗಾರರ ಕಷ್ಟ ಕಡಿಮೆ ಮಾಡುವುದಕ್ಕೆ. ಜಪಾನಿನ ಯೂಜಿ ಹೊರಿಯಿ 1983ರಲ್ಲಿ ‘ಪೋರ್ಟೊಪಿಯಾ’ ಎಂಬ ಕೊಲೆ ರಹಸ್ಯದ ಆಟವನ್ನು ಕಂಪ್ಯೂಟರ್‌ಗೆ ಬರೆದರು. ಅದರಲ್ಲಿ ಆಟಗಾರರು ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ಆಟಕ್ಕೆ ಗೊತ್ತಿರುವ ಪದವನ್ನೇ ಊಹಿಸಿ ಹೊಡೆಯಬೇಕಿತ್ತು. 1985ರಲ್ಲಿ ಅದನ್ನು ನಿಂಟೆಂಡೊದ ಫ್ಯಾಮಿಕಾಮ್ ಗೇಮ್ ಯಂತ್ರಕ್ಕೆ ತರುವಾಗ ಕೀಬೋರ್ಡ್ ಇಲ್ಲದ ಯಂತ್ರದ ಮುಂದೆ ಕೂತವರಿಗೆ 14 ಆಜ್ಞೆಗಳ ಪಟ್ಟಿಯನ್ನು ಪರದೆಯ ಮೇಲೇ ಕೊಟ್ಟರು. ಪದ ಹುಡುಕುವ ತಲೆನೋವು ತಪ್ಪಿತು. ಮಾರನೆಯ ವರ್ಷ ಅದೇ ಹೊರಿಯಿ ‘ಡ್ರ್ಯಾಗನ್ ಕ್ವೆಸ್ಟ್’ ತಂದರು. ಜಪಾನಿನ ಮನೆಮನೆಗೂ ರೋಲ್ ಪ್ಲೇಯಿಂಗ್ ಆಟವನ್ನು ಪರಿಚಯಿಸಿದ ಆಟವದು.

ಆ ಆಟದಲ್ಲಿ ಮೆಟ್ಟಿಲು ಇಳಿಯಬೇಕೆಂದರೆ ಮೆಟ್ಟಿಲಿನ ಮೇಲೆ ಹೋಗಿ ನಿಂತು, ಮೆನು ತೆರೆದು, ‘ಮೆಟ್ಟಿಲು’ ಎಂಬ ಆಜ್ಞೆಯನ್ನು ಆರಿಸಬೇಕಿತ್ತು. ಬಾಗಿಲಿಗೆ ಬೇರೆ ಆಜ್ಞೆ. ಎದುರು ನಿಂತವರ ಜೊತೆ ಮಾತಾಡಲು ‘ಮಾತಾಡು’ ಆರಿಸಿ, ಉತ್ತರವೋ ದಕ್ಷಿಣವೋ ಪೂರ್ವವೋ ಪಶ್ಚಿಮವೋ ಎಂದು ದಿಕ್ಕನ್ನೂ ಹೇಳಬೇಕಿತ್ತು. ಯಾಕೆಂದರೆ ಜಪಾನಿನ ಮೂಲ ಆವೃತ್ತಿಯಲ್ಲಿ ನಾಯಕನ ಚಿತ್ರ ಸದಾ ಪರದೆಯ ಈಚೆಗೇ ಮುಖ ಮಾಡಿರುತ್ತಿತ್ತು. ಇಡೀ ಆಟ 64 ಕಿಲೊಬೈಟ್‌ನಲ್ಲಿ ಅಡಗಬೇಕಾಗಿದ್ದ ಕಾಲ. ನಾಲ್ಕು ದಿಕ್ಕಿಗೂ ಬೇರೆ ಬೇರೆ ಚಿತ್ರ ಎಂದರೆ ಅದು ದುಬಾರಿ ಬಾಬತ್ತು. 1989ರಲ್ಲಿ ಅಮೆರಿಕಕ್ಕೆ ಹೋದ ಆವೃತ್ತಿಯಲ್ಲಿ ನಾಯಕ ತಾನು ನಡೆಯುವ ಕಡೆಗೆ ಮುಖ ತಿರುಗಿಸಿದ, ದಿಕ್ಕಿನ ಪ್ರಶ್ನೆ ಹೋಯಿತು. ಮೆಟ್ಟಿಲಿನ ಆಜ್ಞೆ ಮಾತ್ರ ಹಾಗೇ ಉಳಿಯಿತು. ಎರಡನೆಯ ಡ್ರ್ಯಾಗನ್ ಕ್ವೆಸ್ಟ್ ಹೊತ್ತಿಗೆ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ಸಾಕಾಯಿತು. ಮೆಟ್ಟಿಲ ಮೇಲೆ ಹೋಗಿ ನಿಂತವರಿಗೆ ಇಳಿಯುವುದು ಬಿಟ್ಟು ಬೇರೇನು ಕೆಲಸವಿರುತ್ತದೆ!

ಪೋಕೆಮಾನ್ ಕೂಡ ಇದೇ ಹಾದಿಯಲ್ಲಿ ನಿಧಾನವಾಗಿ ನಡೆದು ಬಂತು. 1996ರ ಮೊದಲ ಆಟಗಳಲ್ಲಿ ದಾರಿಗೆ ಅಡ್ಡ ಬಂದ ಪುಟ್ಟ ಗಿಡ ಕಡಿಯಲು ಮೆನು ತೆರೆದು, ಪೋಕೆಮಾನ್ ಪಟ್ಟಿಗೆ ಹೋಗಿ, ಒಂದನ್ನು ಆರಿಸಿ, ಅದರೊಳಗೆ ‘ಕಟ್’ ಆರಿಸಬೇಕಿತ್ತು. 1999ರ ಆವೃತ್ತಿಗಳಲ್ಲಿ ಗಿಡದ ಮುಂದೆ ನಿಂತು ಎ ಒತ್ತಿದರೆ ಆಟವೇ ‘ಕಡಿಯಲೇ?’ ಎಂದು ಕೇಳತೊಡಗಿತು. ಆ ಕೆಲಸಕ್ಕೆಂದೇ ಒಂದು ಪೋಕೆಮಾನನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವ ಪದ್ಧತಿ ಹೋಗಲು 2016ರ ‘ಸನ್’ ಮತ್ತು ‘ಮೂನ್’ ಬರಬೇಕಾಯಿತು.

ಒಂದೆರಡು ಸಲ ಹೆಚ್ಚು ಒತ್ತಿದರೆ ಬೆರಳೇನು ಸವೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಗೇಮ್ ಲೋಕದ ಹೊರಗೆ, ಕಚೇರಿ ಕಂಪ್ಯೂಟರ್‌ಗಳ ಅಧ್ಯಯನದಲ್ಲಿ ಸಿಗುತ್ತದೆ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲೆನ್ ನ್ಯೂವೆಲ್ 1980ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಕಂಪ್ಯೂಟರ್ ಕೆಲಸವನ್ನು ಬಿಡಿ ಬಿಡಿ ಚಲನೆಗಳಾಗಿ ಒಡೆದು ಪ್ರತಿಯೊಂದಕ್ಕೂ ಸಮಯ ಕಟ್ಟಿತು. ನುರಿತ ಕೈಗೆ ಒಂದು ಕೀಲಿ ಒತ್ತಲು ಸುಮಾರು 0.2 ಸೆಕೆಂಡ್. ಮೌಸ್‌ನಿಂದ ಒಂದು ಗುರಿ ಮುಟ್ಟಲು 1.1 ಸೆಕೆಂಡ್. ಆದರೆ ಮುಂದೇನು ಮಾಡಬೇಕು ಎಂದು ಮನಸ್ಸು ಸಜ್ಜಾಗಲು 1.35 ಸೆಕೆಂಡ್! ಬೆರಳಿಗಿಂತ ತಲೆಗೆ ಆರು ಪಟ್ಟಿಗೂ ಹೆಚ್ಚು ಹೊತ್ತು ಬೇಕು.

ಮೆನುಗಳ ಕಿರಿಕಿರಿಯ ಗುಟ್ಟು ಈ ಅಂಕಿಗಳಲ್ಲಿದೆ. ಕಾದಾಟದ ನಡುವೆ ಮೆನು ತೆರೆದವರ ಗಮನ ಕಾದಾಟದಿಂದ ಕಿತ್ತು ಪಟ್ಟಿಯ ಮೇಲೆ ಬೀಳುತ್ತದೆ. ಯಾವ ಪುಟ, ಎಷ್ಟನೆಯ ಸಾಲು ಎಂದು ಹುಡುಕಬೇಕು; ಮುಚ್ಚಿದ ಮೇಲೆ ಮತ್ತೆ ಕಾದಾಟದ ಎಳೆ ಹಿಡಿಯಬೇಕು. ಕೈ ಕಳೆಯುವುದು ಒಂದು ಸೆಕೆಂಡ್, ಮನಸ್ಸು ಕಳೆಯುವುದು ಅದರ ಹಲವು ಪಟ್ಟು. ರೂಢಿ ತಪ್ಪಿದಾಗಲಂತೂ ಹೇಳುವುದೇ ಬೇಡ. ಪ್ಲೇಸ್ಟೇಷನ್‌ನಲ್ಲಿ ದಶಕಗಳ ಕಾಲ ಜಪಾನಿಗರು ‘ಸರಿ’ ಎನ್ನಲು ವೃತ್ತದ ಬಟನ್ ಒತ್ತುತ್ತಿದ್ದರು, ಪಶ್ಚಿಮದವರು ಅಡ್ಡಗೆರೆಗಳ ಕ್ರಾಸ್ ಬಟನ್ ಒತ್ತುತ್ತಿದ್ದರು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಸೋನಿ ಎಲ್ಲರಿಗೂ ಕ್ರಾಸ್ ಬಟನ್ನನ್ನೇ ‘ಸರಿ’ ಮಾಡಿತು. ಇಪ್ಪತ್ತೈದು ವರ್ಷ ವೃತ್ತವೇ ‘ಸರಿ’ ಎಂದು ಪಳಗಿದ್ದ ಜಪಾನಿನ ಹೆಬ್ಬೆರಳುಗಳು ಒಮ್ಮೆಲೇ ಹೊಸ ಪಾಠ ಕಲಿಯಬೇಕಾಯಿತು.

ಮೆನುವಿಗಿಂತ ಹೆಚ್ಚು ಕಾಡುವುದು ಮರುಕಳಿಕೆ. ಕೊರೊನಾ ಲಾಕ್‌ಡೌನ್ ದಿನಗಳಲ್ಲಿ ಜಗತ್ತಿನ ಲಕ್ಷಾಂತರ ಜನಕ್ಕೆ ಸಮಾಧಾನ ಕೊಟ್ಟ ಆಟ, 2020ರ ಮಾರ್ಚ್‌ನಲ್ಲಿ ಬಂದ ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’. ಕಡಲ ದಂಡೆಯಲ್ಲಿ ಕಪ್ಪೆಚಿಪ್ಪಿನ ಜೀವಿಗಳನ್ನು ಅಗೆದು ತಂದು ಮೀನಿಗೆ ಎರೆ ತಯಾರಿಸುವ ಅವಕಾಶ ಅದರಲ್ಲಿದೆ. ಹತ್ತು ಎರೆ ಬೇಕಿದ್ದರೆ ಹತ್ತು ಸಲವೂ ಎರೆ ಆರಿಸಿ, ಒಪ್ಪಿಗೆ ಕೊಟ್ಟು, ಕುಟ್ಟುವ ದೃಶ್ಯ ನೋಡಿ, ‘ತಯಾರಾಯಿತು’ ಎಂಬ ಸಂದೇಶ ಓದಿ ಮುಚ್ಚಬೇಕಿತ್ತು. ಒಂದು ಚಿಪ್ಪು ಹಣ್ಣು ಕೇಳಿದವರಿಗೆ ಅಂಗಡಿಯವನು ಒಂದೊಂದೇ ಬಾಳೆಹಣ್ಣು ಕಿತ್ತುಕೊಟ್ಟು ಪ್ರತಿ ಹಣ್ಣಿಗೂ ಚಿಲ್ಲರೆ ಎಣಿಸಿದ ಹಾಗೆ. ಒಟ್ಟಿಗೇ ಹಲವು ತಯಾರಿಸುವ ಸೌಲಭ್ಯ ಕೊಡುವುದಾಗಿ ನಿಂಟೆಂಡೊ ಹೇಳಿದ್ದು 2025ರ ಕೊನೆಯಲ್ಲಿ, 3.0 ಆವೃತ್ತಿಯನ್ನು ಪ್ರಕಟಿಸುವಾಗ. ಆಟ ಬಂದು ಐದೂವರೆ ವರ್ಷ ಕಳೆದಿತ್ತು.

ಇಂಥ ಹಟ ನಿಂಟೆಂಡೊಗೆ ಹೊಸದಲ್ಲ. ಜೆಲ್ಡಾ ಸರಣಿಯ 2011ರ ‘ಸ್ಕೈವರ್ಡ್ ಸ್ವೋರ್ಡ್’ನಲ್ಲಿ ಹುಳು-ಹುಪ್ಪಟೆ, ಗರಿ, ಕೊಂಬು ಏನನ್ನೇ ಎತ್ತಿಕೊಂಡರೂ ಅದರ ವಿವರಣೆಯ ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು. ಮೊದಲ ಸಲ ಸರಿ. ಯಂತ್ರ ಆರಿಸಿ ಮರುದಿನ ಹಚ್ಚಿದರೆ ಆಟಕ್ಕೆ ಎಲ್ಲ ಮರೆತುಹೋಗಿ, ಅದೇ ಪಾಠ ಮತ್ತೆ ಮೊದಲಿಂದ. 2021ರ ಪರಿಷ್ಕೃತ ಆವೃತ್ತಿಯಲ್ಲಿ ಇದು ನಿಂತಿತು. ಅದೇ ಸರಣಿಯ 2023ರ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಕಲ್ಪನಾಶಕ್ತಿಯಲ್ಲಿ ಎದುರಿಲ್ಲದ ಆಟ. ಸೇತುವೆ, ರಥ, ಹಾರುವ ಯಂತ್ರ, ಏನನ್ನು ಬೇಕಾದರೂ ಆಟಗಾರರು ಕಟ್ಟಬಹುದು. ಬಾಣದ ತುದಿಗೆ ಬೆಂಕಿಹಣ್ಣನ್ನೋ ರಾಕ್ಷಸನ ಕಣ್ಣನ್ನೋ ಸಿಕ್ಕಿಸಬಹುದು. ಆದರೆ ಬಿಲ್ಲು ಎಳೆದು ಹಿಡಿದು, ಇನ್ನೊಂದು ಬಟನ್ ಅದುಮಿ, ಸಂಗ್ರಹಿಸಿದ ಸಾಮಗ್ರಿಗಳ ಉದ್ದನೆಯ ಸಾಲಿನಲ್ಲಿ ಅಡ್ಡಡ್ಡ ಹುಡುಕುತ್ತ ಹೋಗಬೇಕು. ಬಾಣ ಬಿಟ್ಟ ಮೇಲೆ ಮುಂದಿನ ಬಾಣಕ್ಕೆ ಮತ್ತೆ ಅದೇ ಹುಡುಕಾಟ. ಹೆಚ್ಚು ಬಳಸಿದ್ದು ಮೊದಲು ಬರುವಂತೆ ಸಾಲನ್ನು ಜೋಡಿಸಿಕೊಳ್ಳಬಹುದು ನಿಜ. ಹಿಂದಿನ ಬಾಣದ ಹಾಗೇ ಇದೂ ಇರಲಿ ಎನ್ನಲು ದಾರಿಯಿಲ್ಲ. ಇಷ್ಟು ದೊಡ್ಡ ಕಲ್ಪನೆಯ ಆಟದಲ್ಲಿ ಈ ಸಣ್ಣ ಉಪಕಾರ ಕಾಣದೇ ಹೋದದ್ದು ಬೇಸರದ ಸಂಗತಿ.

ನಿರರ್ಥಕ ಒತ್ತುವಿಕೆಯ ಅತ್ಯಂತ ಪ್ರಸಿದ್ಧ ಉದಾಹರಣೆ 2014ರ ‘ಕಾಲ್ ಆಫ್ ಡ್ಯೂಟಿ: ಅಡ್ವಾನ್ಸ್ಡ್ ವಾರ್‌ಫೇರ್’ನದು. ಯುದ್ಧದಲ್ಲಿ ಮಡಿದ ಗೆಳೆಯನ ಶವಪೆಟ್ಟಿಗೆಯ ಮುಂದೆ ಸೈನಿಕ ನಿಂತಿದ್ದಾನೆ. ಪರದೆಯ ಮೇಲೆ ಸೂಚನೆ ಮೂಡುತ್ತದೆ: ಗೌರವ ಸಲ್ಲಿಸಲು ಎಫ್ ಒತ್ತಿ. ಒತ್ತದಿದ್ದರೆ ಕಥೆ ಮುಂದೆ ಹೋಗದು. ದುಃಖವನ್ನು ಬಟನ್‌ಗೆ ಕಟ್ಟಿಹಾಕಿದ ಈ ದೃಶ್ಯ ನಗೆಪಾಟಲಾಗಿ, ಕೊನೆಗೆ ಜಗತ್ತಿನಾದ್ಯಂತ ಗೇಮರ್‌ಗಳು ಯಾರ ಸೋಲಿಗಾದರೂ ಚಾಟ್‌ನಲ್ಲಿ ‘ಎಫ್’ ಎಂದು ಟೈಪಿಸುವ ರೂಢಿಯೇ ಬಂದುಬಿಟ್ಟಿತು.

ಇವೆಲ್ಲ ಉದಾಸೀನದಿಂದಲೇ ಆಗುತ್ತವೆ ಎನ್ನಲಾಗದು. ಕೆಲವಕ್ಕೆ ಗಟ್ಟಿ ಕಾರಣಗಳಿವೆ. ಆಟ ಶುರುವಾಗುವಾಗ ಕಾಣುವ ‘ಸ್ಟಾರ್ಟ್ ಒತ್ತಿ’ ಪರದೆ ಆರ್ಕೇಡ್ ಕಾಲದ ಬಳುವಳಿ. ಅಲ್ಲಿ ನಾಣ್ಯ ಹಾಕಿದವರು ಬಟನ್ ಒತ್ತುವ ತನಕ ಯಂತ್ರ ತನ್ನ ಜಾಹೀರಾತು ತಾನೇ ಓಡಿಸುತ್ತಿತ್ತು. ಮನೆಯ ಯಂತ್ರಗಳಿಗೆ ನಾಲ್ಕು ಕಂಟ್ರೋಲರ್‌ಗಳು ಬಂದ ಮೇಲೆ, ಆಡಲು ಕೂತವರು ಯಾರು, ಯಾರ ಹೆಸರಿನ ಸೇವ್ ತೆರೆಯಬೇಕು ಎಂದು ತಿಳಿಯಲು ಆ ಒತ್ತುವಿಕೆ ನೆರವಾಯಿತು. 1996ರ ‘ರೆಸಿಡೆಂಟ್ ಈವಿಲ್’ನಲ್ಲಿ ಪ್ರತಿ ಬಾಗಿಲೂ ಕಿರುಗುಟ್ಟುತ್ತ ನಿಧಾನವಾಗಿ ತೆರೆಯುತ್ತಿದ್ದುದು ಹೆದರಿಸಲಿಕ್ಕೆ ಮಾತ್ರವಲ್ಲ. ಸೆಕೆಂಡಿಗೆ ಸುಮಾರು 300 ಕಿಲೊಬೈಟ್ ಓದುತ್ತಿದ್ದ ಪ್ಲೇಸ್ಟೇಷನ್ನಿನ ಸಿ.ಡಿ. ಡ್ರೈವ್ ಮುಂದಿನ ಕೋಣೆಯನ್ನು ತಂದು ಜೋಡಿಸಲು ಆ ಹೊತ್ತು ಬೇಕಿತ್ತು. ಬೆಲೆಬಾಳುವ ಆಯುಧವನ್ನು ಅಳಿಸುವ ಮುನ್ನ ‘ಖಚಿತವೇ?’ ಎಂದು ಕೇಳುವುದಂತೂ ಬೇಕೇ ಬೇಕು. ಆದರೆ ಪ್ಲೇಸ್ಟೇಷನ್ 5ರ ಡ್ರೈವ್ ಸೆಕೆಂಡಿಗೆ 5.5 ಗಿಗಾಬೈಟ್ ಓದುತ್ತದೆ. ಕಾರಣ ಸತ್ತ ಮೇಲೂ ಅಭ್ಯಾಸ ಬದುಕಿರುವ ಕಡೆಗಳನ್ನು ಹುಡುಕಿ ತೆಗೆಯುವ ಕೆಲಸ ಮಾತ್ರ ಎಷ್ಟೋ ಸ್ಟುಡಿಯೊಗಳಲ್ಲಿ ನಡೆಯುವುದೇ ಇಲ್ಲ.

ಇನ್ನು ವ್ಯಾಪಾರದ ಕಾರಣಗಳಿವೆ. ಅವು ಕ್ಷಮೆಗೆ ಅರ್ಹವಲ್ಲ. ‘ಜಿಟಿಎ ಆನ್‌ಲೈನ್’ ತೆರೆದುಕೊಳ್ಳಲು ನಿಮಿಷಗಟ್ಟಲೆ ಕಾಯುವುದು ಆಟಗಾರರಿಗೆ ವರ್ಷಗಳಿಂದ ಒಗ್ಗಿಹೋಗಿತ್ತು. 2021ರ ಫೆಬ್ರುವರಿಯಲ್ಲಿ ಹೊರಗಿನ ಪ್ರೋಗ್ರಾಮರ್ ಒಬ್ಬರು ಕಾರಣ ಪತ್ತೆಹಚ್ಚಿದರು. ಆಟ ಸುಮಾರು 10 ಮೆಗಾಬೈಟ್‌ನ, 63 ಸಾವಿರ ಬಾಬತ್ತುಗಳ ಪಟ್ಟಿಯೊಂದನ್ನು ತೀರಾ ಒಡ್ಡೊಡ್ಡಾಗಿ, ಪ್ರತಿ ಬಾಬತ್ತನ್ನೂ ಹಿಂದಿನವುಗಳ ಜೊತೆ ಹೋಲಿಸುತ್ತ ಓದುತ್ತಿತ್ತು. ಅದು ಆಟದೊಳಗಿನ ಅಂಗಡಿಯ ಸರಕಿನ ಪಟ್ಟಿ. ಅವರ ತಿದ್ದುಪಡಿಯಿಂದ ಅವರ ಕಂಪ್ಯೂಟರಿನಲ್ಲಿ ಆರು ನಿಮಿಷದ ಕಾಯುವಿಕೆ ಎರಡು ನಿಮಿಷಕ್ಕೂ ಕೆಳಗಿಳಿಯಿತು. ರಾಕ್‌ಸ್ಟಾರ್ ಸಂಸ್ಥೆ ಅದನ್ನು ಒಪ್ಪಿ, ಮರುತಿಂಗಳೇ ಆಟವನ್ನು ಸರಿಪಡಿಸಿ, ಅವರಿಗೆ 10 ಸಾವಿರ ಡಾಲರ್ ಬಹುಮಾನ ಕೊಟ್ಟಿತು.

ಅಂಗಡಿಗೆ ಅನುಕೂಲವಾಗುವ ಕಡೆ ಬಟನ್‌ಗಳ ಸಂಖ್ಯೆ ಹೇಗೆ ಇಳಿಯುತ್ತದೆ ಎಂಬುದನ್ನೂ ನೋಡಬೇಕು. ‘ಫೋರ್ಟ್‌ನೈಟ್’ ತಯಾರಕರಾದ ಎಪಿಕ್ ಗೇಮ್ಸ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಹೊರಿಸಿದ ಆರೋಪ ಇದೇ: ಬಟನ್‌ಗಳ ಗೊಂದಲದ ಜೋಡಣೆಯಿಂದಾಗಿ ಒಂದೇ ಒಂದು ಒತ್ತುವಿಕೆಗೆ ಖರೀದಿ ನಡೆದುಹೋಗುತ್ತಿತ್ತು, ನಿದ್ದೆಗೆ ಜಾರಿದ ಆಟವನ್ನು ಎಬ್ಬಿಸಲು ಒತ್ತಿದರೂ ದುಡ್ಡು ಕಡಿತವಾಗುತ್ತಿತ್ತು. ಹಣ ವಾಪಸ್ ಕೇಳುವ ದಾರಿ ಮಾತ್ರ ಕಣ್ಣಿಗೆ ಬೀಳದ ಮೂಲೆಯಲ್ಲಿತ್ತು. ಆಟಗಾರರಿಗೆ ಮರಳಿಸಲು ಕಂಪನಿ 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿದೆ. ಕರ್ನಾಟಕದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಆಡುವುದು ಮೊಬೈಲ್‌ನಲ್ಲಿ, ಅದೂ ಉಚಿತ ಆಟಗಳನ್ನು. ಅವುಗಳ ಬಾಗಿಲಲ್ಲಿ ಒಂದರ ಮೇಲೊಂದು ಬರುವ ಕೊಡುಗೆಗಳ ಪರದೆ, ಬೆರಳಿಗೆ ಸಿಗದಷ್ಟು ಚಿಕ್ಕ ಮುಚ್ಚುವ ಗುರುತು, ತೆರೆದು ನೋಡುವ ತನಕ ಅಳಿಯದ ಕೆಂಪು ಚುಕ್ಕೆ, ಇವು ಯಾವುದೂ ಕೈತಪ್ಪಿ ಆದ ವಿನ್ಯಾಸವಲ್ಲ.

ಹಾಗೆಂದು ಎಲ್ಲ ನಿಧಾನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾಗುತ್ತದೆ. ಲೂಕಸ್ ಪೋಪ್ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’ನಲ್ಲಿ ಆಟಗಾರರು ಸರ್ವಾಧಿಕಾರಿ ದೇಶವೊಂದರ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆಗೆ ಕೂತ ಗುಮಾಸ್ತರು. ಮೇಜು ಬೇಕೆಂದೇ ಇಕ್ಕಟ್ಟು. ಕಾಗದಗಳು ಒಂದರ ಮೇಲೊಂದು ಬೀಳುತ್ತವೆ, ಎಳೆದು ಸರಿಸಬೇಕು, ನಿಯಮದ ಪುಸ್ತಕ ತೆರೆಯಬೇಕು, ಮೊಹರನ್ನು ಎಳೆದು ಒತ್ತಬೇಕು. ಎಷ್ಟು ಜನರನ್ನು ಮುಗಿಸಿದರೋ ಅಷ್ಟು ಸಂಬಳ. ಕಡಿಮೆಯಾದರೆ ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಊಟವಿಲ್ಲ. ಮೊಹರನ್ನು ಒಂದೇ ಕೀಲಿಯಿಂದ ಎಳೆಯುವ ಶಾರ್ಟ್‌ಕಟ್ ಕೂಡ ಆಟದಲ್ಲಿದೆ, ಆದರೆ ಅದನ್ನು ಆ ಸಂಬಳದಲ್ಲೇ ಉಳಿಸಿ ಕೊಳ್ಳಬೇಕು. ಒಂದು ಕೀಲಿಯೋ ಮಗನ ಔಷಧಿಯೋ ಎಂದು ಯೋಚಿಸುವ ಆ ಕ್ಷಣದಲ್ಲಿ ಕೈಯ ತೊಡಕೇ ಕಥೆಯಾಗುತ್ತದೆ.

2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಇದರಷ್ಟು ಅಚ್ಚುಕಟ್ಟಲ್ಲ. ಜಿಂಕೆಯ ಚರ್ಮ ಸುಲಿದು ಕುದುರೆಯ ಬೆನ್ನಿಗೆ ಹೇರುವ ನಿಧಾನಕ್ಕೆ ಒಂದು ಘನತೆಯಿದೆ. ಬೇಟೆಗೆ ತೆತ್ತ ಬೆಲೆ ಕಣ್ಣೆದುರು ನಿಲ್ಲುತ್ತದೆ. ಆದರೆ ಕುದುರೆ ಓಡುವಷ್ಟು ಹೊತ್ತೂ ಒಂದೇ ಬಟನ್ನನ್ನು ಮತ್ತೆ ಮತ್ತೆ ಬಡಿಯುತ್ತಿರಬೇಕು ಎಂಬುದರಲ್ಲಿ ಅಂಥ ಘನತೆ ಏನೂ ಕಾಣದು.

ಬಡಿಯುವ ಮಾತು ಬಂದಾಗ ಕೈಗಳ ಮಾತೂ ಬರಬೇಕು. ನಿಂಟೆಂಡೊ 64ರ ‘ಮಾರಿಯೋ ಪಾರ್ಟಿ’ಯ ಕೆಲವು ಪಂದ್ಯಗಳಲ್ಲಿ ಗೆಲ್ಲಲು ಕಂಟ್ರೋಲರಿನ ಕಡ್ಡಿಯನ್ನು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಗರಗರ ತಿರುಗಿಸಬೇಕಿತ್ತು. ಮಕ್ಕಳು ಅಂಗೈಯಿಂದ ತಿಕ್ಕಿ ತಿರುಗಿಸಿ ಬೊಬ್ಬೆ ಎಬ್ಬಿಸಿಕೊಂಡರು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ದೂರುಗಳು ಹೋಗಿ, 2000ದಲ್ಲಿ ನಿಂಟೆಂಡೊ ಆಟ ಕೊಂಡವರಿಗೆ ಕೈಗವಸು ಒದಗಿಸಲು ಒಪ್ಪಬೇಕಾಯಿತು. ಸಂಧಿವಾತವಿರುವವರಿಗೆ, ಬೆರಳಿನ ಸ್ವಾಧೀನ ಕಡಿಮೆ ಇರುವವರಿಗೆ ಇಂಥ ಒಂದೇ ಒಂದು ದೃಶ್ಯ ಸಾಕು, ಆಟ ಅಲ್ಲಿಗೇ ನಿಲ್ಲುತ್ತದೆ. ಉಳಿದವರಿಗೆ ಕಿರಿಕಿರಿಯಾದದ್ದು ಇವರಿಗೆ ಮುಚ್ಚಿದ ಬಾಗಿಲು.

ಒಳ್ಳೆಯ ಸುದ್ದಿ ಬಂದಿರುವುದೂ ಈ ಕಡೆಯಿಂದಲೇ. 2018ರ ‘ಸ್ಪೈಡರ್-ಮ್ಯಾನ್’ನಲ್ಲಿ ಬಟನ್ ಬಡಿಯುವ ಬದಲು ಒಮ್ಮೆ ಒತ್ತಿ ಹಿಡಿದರೆ ಸಾಕು ಎಂಬ ಆಯ್ಕೆ ಬಂತು, ಗಡಿಬಿಡಿಯಲ್ಲಿ ಒತ್ತಬೇಕಾದ ದೃಶ್ಯಗಳನ್ನು ಆಟವೇ ದಾಟಿಸುವ ಆಯ್ಕೆಯೂ ಬಂತು. ಅದೇ ವರ್ಷ ಮೈಕ್ರೊಸಾಫ್ಟ್, ಎರಡು ದೊಡ್ಡ ಬಟನ್‌ಗಳಿರುವ, ಬೇಕಾದ ಸ್ವಿಚ್‌ಗಳನ್ನೆಲ್ಲ ಸಿಕ್ಕಿಸಬಹುದಾದ ‘ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್’ ತಂದಿತು. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ 60ಕ್ಕೂ ಹೆಚ್ಚು ಇಂಥ ಅನುಕೂಲಗಳೊಂದಿಗೆ ಬಂದು, ಕಣ್ಣು ಕಾಣದವರೂ ಕೊನೆಯವರೆಗೆ ಆಡುವುದು ಸಾಧ್ಯವೆಂದು ತೋರಿಸಿತು. ಅಂಗವಿಕಲರಿಗೆಂದು ಮಾಡಿದ ಈ ಆಯ್ಕೆಗಳನ್ನು ದಣಿದ ಕೈಯವರು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಆಡುವವರು ಎಲ್ಲರೂ ಬಳಸಬಹುದು.

ಸ್ಟುಡಿಯೊಗಳು ಮಾಡದೆ ಬಿಟ್ಟದ್ದನ್ನು ಆಟಗಾರರೇ ಮಾಡಿಕೊಂಡದ್ದೂ ಉಂಟು. 2011ರ ನವೆಂಬರ್‌ನಲ್ಲಿ ಬಂದ ‘ಸ್ಕೈರಿಮ್’ನ ಸಾಮಾನು ಪಟ್ಟಿಯಲ್ಲಿ ವಸ್ತುಗಳ ಹೆಸರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತೂಕ, ಬೆಲೆ ತಿಳಿಯಲು ಒಂದೊಂದರ ಮೇಲೂ ಹೋಗಿ ನಿಲ್ಲಬೇಕಿತ್ತು. ಚೀಲ ಭಾರವಾದಾಗ ಯಾವುದನ್ನು ಎಸೆಯಬೇಕು ಎಂದು ನೋಡಲು ನೂರಾರು ಸಾಲು ಇಳಿಯಬೇಕಿತ್ತು. ಸುಮಾರು ಒಂದು ತಿಂಗಳಲ್ಲೇ ಅಭಿಮಾನಿಗಳು ‘ಸ್ಕೈಯುಐ’ ಎಂಬ ಮಾಡ್ (ಆಟವನ್ನು ಮಾರ್ಪಡಿಸುವ ಪ್ರೋಗ್ರಾಮ್) ಬರೆದು ಹಂಚಿದರು. ತೂಕ, ಬೆಲೆ ಎಲ್ಲಕ್ಕೂ ಕಾಲಂ; ಬೇಕಾದಂತೆ ಜೋಡಿಸುವ ಅನುಕೂಲ; ಹೆಸರು ಟೈಪಿಸಿ ಹುಡುಕುವ ಜಾಗ. 2023ರಲ್ಲಿ ಸ್ಕೈರಿಮ್ ತಯಾರಕರಾದ ಬೆಥೆಸ್ಡಾ ‘ಸ್ಟಾರ್‌ಫೀಲ್ಡ್’ ತಂದಾಗ ಕೆಲವೇ ದಿನಗಳಲ್ಲಿ ಅದಕ್ಕೂ ‘ಸ್ಟಾರ್‌ಯುಐ’ ಬಂತು. ಸ್ಕೈಯುಐ ಕೆಲಸ ಮಾಡಲು ಬೇಕಾದ ಜೋಡಣೆ ಪಿ.ಸಿ.ಯಲ್ಲಿ ಮಾತ್ರ ಸಾಧ್ಯವಾದ್ದರಿಂದ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಕೊಂಡವರಿಗೆ ಅದು ಸಿಗಲಿಲ್ಲ. ಆಟದ ಹತ್ತನೆಯ ವರ್ಷಕ್ಕೆಂದು 2021ರಲ್ಲಿ ಬಂದ ‘ಆ್ಯನಿವರ್ಸರಿ’ ಆವೃತ್ತಿಯಲ್ಲಿ ಅವರಿಗೆ ಮೀನು ಹಿಡಿಯುವ ಅವಕಾಶ ಬಂತು, ಹೊಸ ಆಯುಧ, ಹೊಸ ಕಥೆಗಳು ಬಂದವು. ಸಾಮಾನು ಪಟ್ಟಿ ಹಳೆಯದೇ ಇತ್ತು.